ಊರೇ ಆರೋಪಿಯಾದಾಗ: ಹವ್ಯಾಸಿ ರಹಸ್ಯಕಥೆಯ ಬಲ ಮತ್ತು ಮಿತಿ

ಕನ್ನಡದಲ್ಲಿ ‘ಹವ್ಯಾಸಿ’ ಎಂಬ ಮಾತು ಎರಡು ಬಗೆಯಲ್ಲಿ ಕೇಳಿಸುತ್ತದೆ. ನಾಟಕದ ಸಂದರ್ಭದಲ್ಲಿ ಅದು ಗೌರವದ ಮಾತು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿತು. ಮುಂದೆ ಟಿ.ಪಿ. ಕೈಲಾಸಂ ಅವರ ನಾಟಕಗಳು ಬಂದವು. ವೃತ್ತಿ ಕಂಪನಿಗಳು ಮುಟ್ಟದ ವಸ್ತುವನ್ನು, ಆಡದ ಭಾಷೆಯನ್ನು ರಂಗಕ್ಕೆ ತಂದವರು ಹವ್ಯಾಸಿಗಳು ಎಂದು ನಾವು ಇಂದಿಗೂ ಪಾಠ ಹೇಳುತ್ತೇವೆ. ಅದೇ ಮಾತನ್ನು ಕಾದಂಬರಿಗೆ ಅಂಟಿಸಿದರೆ ಅರ್ಥ ಇಳಿದುಬಿಡುತ್ತದೆ. ಓದು ಕಡಿಮೆ, ತಿದ್ದುವವರಿಲ್ಲ, ಅವಸರದ ಬರಹ ಎಂಬ ಧ್ವನಿ ಬರುತ್ತದೆ. ಅದರಲ್ಲೂ ಪತ್ತೇದಾರಿ ಕಾದಂಬರಿಯಾದರಂತೂ ವಿಮರ್ಶೆಯ ಬಾಗಿಲು ಮುಚ್ಚಿದಂತೆಯೇ.

ಈ ಬಾಗಿಲನ್ನು ಸ್ವಲ್ಪ ತೆರೆದು ನೋಡುವುದು ಈ ಲೇಖನದ ಉದ್ದೇಶ. ಅದಕ್ಕೆ ಎರಡು ದೂರದ ಉದಾಹರಣೆಗಳನ್ನು ಅಕ್ಕಪಕ್ಕ ಇಡುತ್ತೇನೆ. ಒಂದು, 1950ರ ದಶಕದಿಂದ ಕನ್ನಡದಲ್ಲಿ ಹರಿದ ಪತ್ತೇದಾರಿ ಕಾದಂಬರಿ. ಇನ್ನೊಂದು, 2002ರಲ್ಲಿ ಜಪಾನಿನ ಹವ್ಯಾಸಿಗಳ ಸಣ್ಣ ಗುಂಪೊಂದು ತಯಾರಿಸಿದ ‘ಹಿಗುರಾಶಿ ನೋ ನಾಕು ಕೊರೊ ನಿ’ ಎಂಬ ರಹಸ್ಯಕಥೆಯ ಕಂಪ್ಯೂಟರ್ ಆಟ. ಇವೆರಡರ ಬಲವೂ ದೌರ್ಬಲ್ಯವೂ ಒಂದೇ ಬೇರಿನಿಂದ ಬಂದಿವೆ ಎನ್ನುವುದು ನನ್ನ ವಾದ. ಆ ಬೇರು ಯಾವುದು ಎಂದು ತಿಳಿದರೆ, ಮುಂದೆ ಕನ್ನಡದಲ್ಲಿ ಇಂಥ ಆಟ ಕಟ್ಟುವವರಿಗೂ, ಹಳೆಯ ಪತ್ತೇದಾರಿ ಪುಸ್ತಕಗಳನ್ನು ಓದುವವರಿಗೂ ಪ್ರಯೋಜನವಿದೆ.

ಮೊದಲು ಈ ಆಟದ ಪ್ರಕಾರವನ್ನು ಪರಿಚಯಿಸಿಕೊಳ್ಳೋಣ. ಇದನ್ನು ವಿಶುವಲ್ ನಾವೆಲ್ ಎನ್ನುತ್ತಾರೆ. ದೃಶ್ಯ ಕಾದಂಬರಿ ಎನ್ನಬಹುದು. ಓಡುವುದು, ಗುಂಡು ಹಾರಿಸುವುದು ಇದರಲ್ಲಿಲ್ಲ. ಪರದೆಯ ಹಿಂಬದಿಗೆ ಒಂದು ನಿಶ್ಚಲ ಚಿತ್ರ, ಅದರ ಮುಂದೆ ಪಾತ್ರದ ಆಕೃತಿ, ಕೆಳಗೆ ಮಾತು, ಹಿನ್ನೆಲೆಯಲ್ಲಿ ಸಂಗೀತ. ಓದುಗ ಗುಂಡಿ ಒತ್ತಿದಂತೆ ಕಥೆ ಮುಂದುವರಿಯುತ್ತದೆ. ಮಂಡ್ಯ ಸೀಮೆಯಲ್ಲಿ ಬೆಳೆದವರಿಗೆ ಇದು ತೀರ ಹೊಸದೇನಲ್ಲ. ನಮ್ಮ ಹಳ್ಳಿಗಳಲ್ಲಿ ಊರಿನವರೇ ಸೇರಿ ಆಡುವ ‘ಕುರುಕ್ಷೇತ್ರ’ ನಾಟಕವನ್ನು ನೆನೆಯಿರಿ. ಬಾಡಿಗೆಗೆ ತಂದ ಸೀನರಿಯ ಪರದೆಯಲ್ಲಿ ಅರಮನೆ, ಅದರ ಮುಂದೆ ಬಣ್ಣ ಹಚ್ಚಿ ನಿಂತ ದುರ್ಯೋಧನ, ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು. ಪಾತ್ರಧಾರಿ ಹೆಚ್ಚು ಚಲಿಸುವುದಿಲ್ಲ. ಮಾತು ಮತ್ತು ಹಾಡು ಎಲ್ಲವನ್ನೂ ಹೊರುತ್ತವೆ. ಖರ್ಚು ಹವ್ಯಾಸಿಗಳ ಕೈಗೆಟುಕುವಷ್ಟು. ದೃಶ್ಯ ಕಾದಂಬರಿಯೂ ಹವ್ಯಾಸಿಗಳ ಪಾಲಿಗೆ ಒಲಿದದ್ದು ಇದೇ ಕಾರಣಕ್ಕೆ.

ಒಂದು ದೊಡ್ಡ ವ್ಯತ್ಯಾಸವಿದೆ. ಭೀಮ ಗೆಲ್ಲುತ್ತಾನೆಂದು ಗೊತ್ತಿದ್ದೂ ಜನ ಬೆಳಗಿನ ಜಾವದವರೆಗೆ ಕುರುಕ್ಷೇತ್ರ ನೋಡುತ್ತಾರೆ. ರಹಸ್ಯಕಥೆಗೆ ಆ ಸೌಲಭ್ಯವಿಲ್ಲ. ಕೊಲೆ ಮಾಡಿದವರು ಯಾರೆಂದು ಗೊತ್ತಾದ ಮೇಲೆ ಎಷ್ಟೋ ರಹಸ್ಯಕಥೆಗಳು ಖಾಲಿಯಾಗಿಬಿಡುತ್ತವೆ. ಹಾಗೆ ಖಾಲಿಯಾಗದಂತೆ ಉಳಿಯಲು ಅದರಲ್ಲಿ ಬೇರೇನಿರಬೇಕು? ಹವ್ಯಾಸಿ ರಹಸ್ಯಕಥೆಯನ್ನು ತೂಗಲು ಈ ಪ್ರಶ್ನೆಯೇ ತಕ್ಕಡಿ.

ನಾಲ್ಕನೇ ಕ್ಲಾಸಿನ ಕಾದಂಬರಿಕಾರ

ಕನ್ನಡಕ್ಕೆ ಕಾದಂಬರಿ ಓದುವ ಚಟ ಹಿಡಿಸಿದವರು ಹಲವರು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಬಂಗಾಳಿಯಿಂದ ತಂದರು. ಗಳಗನಾಥರು ಮರಾಠಿಯ ಪ್ರೇರಣೆಯಿಂದ ಬರೆದು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕಟ್ಟಿಕೊಂಡಿತು. ಅ.ನ. ಕೃಷ್ಣರಾಯರು ಕಾದಂಬರಿಯನ್ನು ಮನೆಮನೆಗೆ ಮುಟ್ಟಿಸಿದರು. ಈ ಸಾಲಿನಲ್ಲಿ ನಿಲ್ಲಬೇಕಾದ, ಆದರೆ ಸಾಹಿತ್ಯ ಚರಿತ್ರೆಯ ಪುಸ್ತಕಗಳು ಹೆಚ್ಚಾಗಿ ದಾಟಿಕೊಂಡು ಹೋಗುವ ಹೆಸರು ಎನ್. ನರಸಿಂಹಯ್ಯನವರದು.

1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿಯವರೆಗೆ. 1952ರಲ್ಲಿ ಅವರ ‘ಪತ್ತೇದಾರ ಪುರುಷೋತ್ತಮ’ ಪ್ರಕಟವಾಯಿತು. ಅಲ್ಲಿಂದಾಚೆಗೆ ಅವರು ಬರೆದ ಕಾದಂಬರಿಗಳ ಸಂಖ್ಯೆ ಐನೂರನ್ನು ಮೀರುತ್ತದೆ. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಅವರ ಪತ್ತೇದಾರರ ಹೆಸರುಗಳು ಒಂದು ಕಾಲದ ಓದುಗರಿಗೆ ನೆಂಟರ ಹೆಸರುಗಳಷ್ಟೇ ಪರಿಚಿತ. ಕೊನೆಗೆ ಬರಹವೇ ಅವರ ಜೀವನೋಪಾಯವಾಯಿತು, ನಿಜ. ಆದರೆ ಯಾವ ವಿಶ್ವವಿದ್ಯಾಲಯವಾಗಲಿ, ಸಾಹಿತ್ಯ ಚಳವಳಿಯಾಗಲಿ ತಿದ್ದದ, ಸ್ವಂತ ಓದಿನಿಂದಲೇ ಬೆಳೆದ ಬರಹಗಾರ ಎಂಬ ಅರ್ಥದಲ್ಲಿ ಅವರನ್ನು ಹವ್ಯಾಸಿ ಪರಂಪರೆಗೆ ಸೇರಿಸುತ್ತಿದ್ದೇನೆ.

ಅವರ ಬಲ ಎಲ್ಲಿದೆ? ಮೊದಲನೆಯದು, ಓದುಗ ಯಾರು ಎಂಬ ಖಚಿತ ತಿಳಿವಳಿಕೆ. ಅಕ್ಷರ ಕಲಿತು ಹೆಚ್ಚು ದಿನವಾಗಿರದ ಓದುಗನಿಗೂ ತೊಡಕಾಗದ ಸಣ್ಣ ವಾಕ್ಯಗಳು, ಹೆಚ್ಚಿನ ಸಂಭಾಷಣೆ, ಅಧ್ಯಾಯದ ಕೊನೆಯಲ್ಲಿ ಒಂದು ಎಳೆತ. ನಾಲ್ಕನೇ ತರಗತಿಗೇ ಓದು ನಿಂತ ಮನುಷ್ಯನಿಗೆ, ಓದು ಅರ್ಧಕ್ಕೆ ನಿಂತವರ ಕಷ್ಟ ಗೊತ್ತಿತ್ತು. ಎರಡನೆಯದು, ಅಗ್ಗದ ಬೆಲೆ ಮತ್ತು ಓಡಾಟ. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳ ಮೂಲಕ ಒಂದೇ ಪ್ರತಿ ಹತ್ತಾರು ಮನೆ ಸುತ್ತುತ್ತಿತ್ತು. ಮೂರನೆಯದು, ನಗರ ಎಂಬ ಹೊಸ ಲೋಕದ ಪರಿಚಯ. ಹಳ್ಳಿಯಲ್ಲಿ ಕೂತವನಿಗೆ ಟ್ಯಾಕ್ಸಿ, ಟೆಲಿಫೋನು, ಹೋಟೆಲಿನ ಕೋಣೆ, ಪೊಲೀಸ್ ಠಾಣೆಯ ಒಳಗೆಲ್ಲ ಓಡಾಡಿಸುವ ಮಾರ್ಗದರ್ಶಿಯಾಗಿ ಪತ್ತೇದಾರ ಬಂದ.

ಈಗ ದೌರ್ಬಲ್ಯ. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದ. ಅವುಗಳ ಒಟ್ಟು ಸಾರ ಇಷ್ಟೆ: ಲೇಖಕ ಓದುಗನಿಗೆ ಮೋಸ ಮಾಡಬಾರದು. ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಳ್ಳಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ಆಕಸ್ಮಿಕದಿಂದ ಪತ್ತೇದಾರ ಗೆಲ್ಲಬಾರದು. ಈ ಅಳತೆಗೋಲಿನಿಂದ ನೋಡಿದರೆ ನಮ್ಮ ಜನಪ್ರಿಯ ಪತ್ತೇದಾರಿ ಕಾದಂಬರಿಯ ಬಹುಪಾಲು ನಿಲ್ಲುವುದಿಲ್ಲ. ಅಲ್ಲಿ ರಹಸ್ಯ ಒಡೆಯುವುದು ತರ್ಕದಿಂದಲ್ಲ. ವೇಷ ಮರೆಸಿ ಹಿಂಬಾಲಿಸುವುದು, ಹೊಡೆದಾಟ, ಸಮಯಕ್ಕೆ ಸರಿಯಾಗಿ ಕಿವಿಗೆ ಬೀಳುವ ಮಾತು ಇವುಗಳಿಂದ. ಓದುಗ ಪತ್ತೇದಾರನ ಜೊತೆ ಓಡುತ್ತಾನೆ, ಯೋಚಿಸುವುದಿಲ್ಲ. ಪುಸ್ತಕ ಮುಗಿದ ಮೇಲೆ ಮತ್ತೆ ಮೊದಲ ಪುಟಕ್ಕೆ ಮರಳಿ ‘ಅರೆ, ಇಲ್ಲೇ ಇತ್ತಲ್ಲ’ ಎನ್ನುವ ಸುಖ ಅಲ್ಲಿಲ್ಲ.

ಹೀಗಾಗಲು ಕಾರಣ ಪ್ರತಿಭೆಯ ಕೊರತೆಯಷ್ಟೇ ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಕಾಣುವ ಕಾರಣ ಬೇರೆ. ಸುಳಿವುಗಳನ್ನು ಹೆಣೆಯಲು ಕಥೆಯನ್ನು ಕೊನೆಯಿಂದ ಮೊದಲಿಗೆ ಬರೆಯಬೇಕು. ಬರೆದದ್ದನ್ನು ಹಲವು ಸಲ ತಿದ್ದಬೇಕು. ‘ಈ ಸುಳಿವು ಬೇಗ ಬಿಟ್ಟುಕೊಟ್ಟಿತು’ ಎಂದು ಹೇಳುವ ಮೊದಲ ಓದುಗನೊಬ್ಬ ಬೇಕು. ಒಬ್ಬನೇ ಐನೂರು ಕಾದಂಬರಿ ಬರೆಯುವ ವೇಗದಲ್ಲಿ ಇದಕ್ಕೆ ಸಮಯ ಎಲ್ಲಿ? ಯಾವ ವೇಗ ಓದುಗರನ್ನು ತಂದಿತೋ ಅದೇ ವೇಗ ಒಗಟನ್ನು ತೆಳುವಾಗಿಸಿತು.

ಬೇರೊಂದು ದಾರಿ: ಕೆಸರೂರು

ಇಲ್ಲಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನು ನೆನೆಯಬೇಕು. 1985ರ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಏಲಕ್ಕಿ ಬೆಳೆ ಏಕೆ ಕುಸಿಯುತ್ತಿದೆ ಎಂದು ಪತ್ತೆ ಮಾಡಲು ಕೆಸರೂರಿಗೆ ಬರುವ ಅಂಗಡಿ, ಅಲ್ಲಿ ಸತ್ತ ವಿಜ್ಞಾನಿ ಜೋಗಿಹಾಳ್ ಅವರ ಸಾವಿನ ಗುಮಾನಿ: ಚೌಕಟ್ಟೆಲ್ಲ ಪತ್ತೇದಾರಿ ಕಾದಂಬರಿಯದೇ. ಆದರೆ ಪುಟ ತಿರುವಿದಂತೆ ತನಿಖೆ ಹಿಂದೆ ಸರಿದು, ಕೆಸರೂರಿನ ಜಾತಿ, ಕಳ್ಳದಂಧೆ, ಮೂಢನಂಬಿಕೆ, ಕಾಡಿನ ನಾಶ ಮುಂದೆ ಬರುತ್ತವೆ. ಕೊನೆಗೆ ಯಾರು ಅಪರಾಧಿ ಎಂಬ ಪ್ರಶ್ನೆಗಿಂತ, ಇಡೀ ಊರು ಹೇಗೆ ಈ ಸ್ಥಿತಿಗೆ ಬಂತು ಎಂಬ ಪ್ರಶ್ನೆಯೇ ದೊಡ್ಡದಾಗುತ್ತದೆ. ಊರೇ ಇಲ್ಲಿ ಆರೋಪಿ, ಊರೇ ಸಾಕ್ಷಿ. ಆದ್ದರಿಂದಲೇ ಕಥೆ ಗೊತ್ತಿದ್ದರೂ ನಾವು ಅದನ್ನು ಮತ್ತೆ ಓದುತ್ತೇವೆ. ಸಿನಿಮಾದಲ್ಲಿ ಇಂಥದೇ ಪ್ರಯತ್ನವನ್ನು 2014ರ ‘ಉಳಿದವರು ಕಂಡಂತೆ’ ಮಾಡಿತು. ಒಂದೇ ಘಟನೆಯನ್ನು ಬೇರೆ ಬೇರೆಯವರ ಕಣ್ಣಿನಿಂದ ಹೇಳಿ, ಕಡಲ ತಡಿಯ ಬದುಕನ್ನೇ ತನಿಖೆಗೆ ಒಡ್ಡಿತು.

ಪತ್ತೇದಾರನ ಓಟ ಒಂದು ಕಡೆ, ಊರಿನ ಕಥೆ ಇನ್ನೊಂದು ಕಡೆ. ಎರಡನ್ನೂ ಹಿಡಿದು, ಜೊತೆಗೆ ಓದುಗನಿಗೂ ತನಿಖೆಯ ಕೆಲಸ ಕೊಡಲು ಸಾಧ್ಯವೆ? ಜಪಾನಿನ ಆ ಹವ್ಯಾಸಿ ಆಟ ಮುಖ್ಯವಾಗುವುದು ಇಲ್ಲಿ.

ಹಿನಮಿಜಾವ ಎಂಬ ಊರು

ಜಪಾನಿನಲ್ಲಿ ರಹಸ್ಯಕಥೆಯ ಆಟಗಳಿಗೆ ಆಗಲೇ ಇತಿಹಾಸವಿತ್ತು. ಯೂಜಿ ಹೊರಿಯಿ 1983ರಲ್ಲಿ ‘ಪೋರ್ಟೋಪಿಯಾ’ ಸರಣಿ ಕೊಲೆಗಳ ಆಟವನ್ನು ರಚಿಸಿದ್ದ. 1990ರ ದಶಕದಲ್ಲಿ ಚುನ್‌ಸಾಫ್ಟ್ ಕಂಪನಿ ಓದುವ ಆಟಗಳನ್ನು ಜನಪ್ರಿಯಗೊಳಿಸಿತ್ತು. ಇವೆಲ್ಲ ಕಂಪನಿಗಳ ಕೆಲಸ. ಸರ್ಕಾರಿ ನೌಕರಿಯಲ್ಲಿದ್ದ, ರ್ಯುಕಿಶಿ07 ಎಂಬ ಗುಪ್ತನಾಮದ ಬರಹಗಾರ ಸಣ್ಣದೊಂದು ಬಳಗ ಕಟ್ಟಿಕೊಂಡು 2002ರ ಆಗಸ್ಟಿನಲ್ಲಿ ‘ಹಿಗುರಾಶಿ’ಯ ಮೊದಲ ಭಾಗವನ್ನು ಟೋಕಿಯೊದ ಕಾಮಿಕೆಟ್ ಸಂತೆಯಲ್ಲಿ ಮಾರಾಟಕ್ಕಿಟ್ಟ. ಕಾಮಿಕೆಟ್ ಎಂದರೆ ಹವ್ಯಾಸಿಗಳು ತಾವೇ ಬರೆದು, ತಾವೇ ಅಚ್ಚು ಹಾಕಿ, ತಾವೇ ಮೇಜಿನ ಹಿಂದೆ ಕೂತು ಮಾರುವ ಜಾಗ. ಗಳಗನಾಥರು ಇದ್ದಿದ್ದರೆ ಅಲ್ಲೊಂದು ಮೇಜು ಹಿಡಿಯುತ್ತಿದ್ದರೇನೊ.

ಕಥೆ ನಡೆಯುವುದು 1983ರ ಬೇಸಿಗೆಯಲ್ಲಿ, ಹಿನಮಿಜಾವ ಎಂಬ ಕಲ್ಪಿತ ಬೆಟ್ಟದ ಹಳ್ಳಿಯಲ್ಲಿ. ಊರಿನ ನೋಟಕ್ಕೆ ಮಾದರಿಯಾದದ್ದು ಶಿರಕಾವಾ-ಗೊ ಎಂಬ ನಿಜವಾದ ಊರು. ಕೆಲವು ವರ್ಷಗಳ ಹಿಂದೆ ಅಣೆಕಟ್ಟೊಂದು ಈ ಹಳ್ಳಿಯನ್ನು ಮುಳುಗಿಸುವುದಿತ್ತು. ಜನ ಹೋರಾಡಿ ಅದನ್ನು ನಿಲ್ಲಿಸಿದರು. ಆ ಮೇಲೆ ಪ್ರತಿ ವರ್ಷ ಊರಹಬ್ಬದ ರಾತ್ರಿ ಒಬ್ಬರು ಸಾಯುತ್ತಾರೆ, ಒಬ್ಬರು ಕಾಣೆಯಾಗುತ್ತಾರೆ. ಗ್ರಾಮದೇವತೆಯ ಶಾಪ ಎಂದು ಊರು ಪಿಸುಗುಟ್ಟುತ್ತದೆ. ನಗರದಿಂದ ಬಂದ ಹುಡುಗನೊಬ್ಬ ಶಾಲೆಯ ಗೆಳೆಯರ ನಡುವೆ ನಗುತ್ತಾ ಇರುವಾಗಲೇ ಯಾರನ್ನು ನಂಬಬೇಕೆಂದು ತಿಳಿಯದೆ ಕುಸಿಯುತ್ತಾನೆ. ಉತ್ತರವನ್ನು ನಾನಿಲ್ಲಿ ಬಿಟ್ಟುಕೊಡುವುದಿಲ್ಲ.

ಇದರ ಮೊದಲ ಬಲ ರಚನೆಯಲ್ಲಿದೆ. ಒಟ್ಟು ಎಂಟು ಭಾಗ. ನಾಲ್ಕು ಪ್ರಶ್ನೆಯವು, ನಾಲ್ಕು ಉತ್ತರದವು. ಪ್ರತಿ ಭಾಗದಲ್ಲೂ ಅದೇ ಊರು, ಅದೇ ಜನ, ಅದೇ ಬೇಸಿಗೆ. ದುರಂತ ಮಾತ್ರ ಬೇರೆ. ಒಂದು ಭಾಗದಲ್ಲಿ ಕ್ರೂರಿಯಂತೆ ಕಂಡವಳು ಇನ್ನೊಂದರಲ್ಲಿ ಬಲಿಪಶು. ಹೋಲಿಸಿ ನೋಡಿದಾಗ ಮಾತ್ರ ಸುಳಿವು ಸಿಗುತ್ತದೆ. ಇಂಥ ಆಟಗಳಲ್ಲಿ ಸಾಮಾನ್ಯವಾಗಿರುವ ‘ಎಡಕ್ಕೆ ಹೋಗುತ್ತೀರಾ, ಬಲಕ್ಕೆ ಹೋಗುತ್ತೀರಾ’ ಎಂಬ ಆಯ್ಕೆಗಳೇ ಇಲ್ಲಿಲ್ಲ. ಹಾಗಾದರೆ ಆಟವೆಲ್ಲಿ? ಓದುಗನ ತಲೆಯೊಳಗೆ. ಅಧ್ಯಾಯಗಳ ನಡುವೆ ಪತ್ರ, ವರದಿಯಂಥ ಚಿಕ್ಕ ಟಿಪ್ಪಣಿಗಳು ಸಿಗುತ್ತವೆ. ಭಾಗ ಮುಗಿದ ಮೇಲೆ ಪಾತ್ರಗಳೇ ಒಟ್ಟಿಗೆ ಕೂತು ‘ಇದು ಮನುಷ್ಯರ ಕೆಲಸವೋ, ಶಾಪವೋ’ ಎಂದು ಓದುಗನೊಡನೆ ಚರ್ಚಿಸುತ್ತವೆ.

ಎರಡನೆಯ ಬಲ ಬಿಡುವು. 2002ರಿಂದ 2006ರವರೆಗೆ ಭಾಗಗಳು ತಿಂಗಳುಗಟ್ಟಲೆ ಅಂತರದಲ್ಲಿ ಬಂದವು. ಮುಂದಿನ ಸಿ.ಡಿ. ಬರುವವರೆಗೆ ಓದುಗರಿಗೆ ವಾದ ಮಾಡಲು ಕಾಲವಿತ್ತು. ಹವ್ಯಾಸಿಯ ನಿಧಾನ ಇಲ್ಲಿ ಆಸ್ತಿಯಾಯಿತು. ನರಸಿಂಹಯ್ಯನವರ ಓದುಗ ಒಂದೇ ರಾತ್ರಿಯಲ್ಲಿ ಉತ್ತರ ಪಡೆದು ಪುಸ್ತಕ ಹಿಂತಿರುಗಿಸುತ್ತಿದ್ದ. ಹಿನಮಿಜಾವದ ಓದುಗ ನಾಲ್ಕು ವರ್ಷ ಪ್ರಶ್ನೆಯನ್ನು ಹೊತ್ತು ತಿರುಗಿದ.

ದೌರ್ಬಲ್ಯಗಳೂ ಅಷ್ಟೇ ಸ್ಪಷ್ಟ. ಚಿತ್ರಗಳನ್ನು ಲೇಖಕನೇ ಬರೆದಿದ್ದಾನೆ. ಪಾತ್ರಗಳ ಕೈಗಳು ಊದಿಕೊಂಡಂತೆ ದಪ್ಪ. ಹಿನ್ನೆಲೆಗೆ ಫೋಟೊಗಳನ್ನೇ ಬಣ್ಣ ಬದಲಿಸಿ ಇಟ್ಟಿದ್ದಾನೆ. ಇವು ನನಗೆ ದೊಡ್ಡ ದೋಷಗಳಾಗಿ ಕಾಣುವುದಿಲ್ಲ. ಮಾಸಿದ ಸೀನರಿಯ ಮುಂದೆ ಒಳ್ಳೆಯ ಕರ್ಣ ನಿಂತರೆ ಯಾರೂ ಪರದೆ ನೋಡುವುದಿಲ್ಲ. ನಿಜವಾದ ತೊಂದರೆ ಎರಡು. ಒಂದು ಉದ್ದ. ಪ್ರತಿ ಭಾಗದ ಮೊದಲರ್ಧದಲ್ಲಿ ಶಾಲೆಯ ಆಟಪಾಟ, ತಮಾಷೆ ಗಂಟೆಗಟ್ಟಲೆ ನಡೆಯುತ್ತದೆ. ಮುಂದೆ ಬರುವ ಭಯಕ್ಕೆ ಈ ನಗು ಬೇಕು, ಒಪ್ಪೋಣ. ಆದರೆ ಕತ್ತರಿ ಹಿಡಿದ ಸಂಪಾದಕನೊಬ್ಬ ಇದ್ದಿದ್ದರೆ ಮೂರನೇ ಒಂದು ಭಾಗ ಹೋಗುತ್ತಿತ್ತು. ಇನ್ನೊಂದು ಇದಕ್ಕಿಂತ ಆಳದ್ದು. ಸರಿಯುತ್ತರ ಕಂಡುಹಿಡಿಯುವವರು ನೂರಕ್ಕೆ ಒಬ್ಬರು ಎಂಬ ಸವಾಲಿನ ಮಾತು ಈ ಆಟದ ಪ್ರಚಾರದಲ್ಲಿತ್ತು. ಕೊನೆಗೆ ಬರುವ ಉತ್ತರದ ಮುಖ್ಯ ತುಂಡುಗಳು ಓದುಗ ಊಹಿಸಲಾಗದ ಕಡೆಯಿಂದ ಬರುತ್ತವೆ. ಸವಾಲು ಹಾಕಿ ಆಮೇಲೆ ನಿಯಮ ಬದಲಿಸಿದಂತೆ. ನಾಕ್ಸ್‌ನ ತಕ್ಕಡಿಯಲ್ಲಿ ಇದೂ ಸೋಲುತ್ತದೆ. ಲೇಖಕ ತನ್ನ ಮುಂದಿನ ಕೃತಿ ‘ಉಮಿನೆಕೊ’ದಲ್ಲಿ ನಾಕ್ಸ್‌ನ ಹೆಸರಿನ ಪಾತ್ರವನ್ನೇ ತಂದು, ಓದುಗನಿಗೆ ನ್ಯಾಯ ಎಂದರೇನು ಎಂಬುದನ್ನು ಕಥೆಯ ವಸ್ತುವಾಗಿಸಿದ.

ಶಾಪ ಮತ್ತು ಅಣೆಕಟ್ಟು: ನಮ್ಮ ಕಡೆಯದು

ಅಣೆಕಟ್ಟು, ದೇವತೆಯ ಶಾಪ, ಬಾಯಿಬಿಡದ ಊರು. ಮದ್ದೂರಿನ ಬಳಿ ಶಿಂಷಾ ದಡದ ವೈದ್ಯನಾಥಪುರದಲ್ಲಿ ಕೂತು ಈ ಕಥೆ ಓದುವವರಿಗೆ ಜಪಾನಿಗಿಂತ ಮೊದಲು ನೆನಪಾಗುವುದು ತಲಕಾಡು. ಮಳವಳ್ಳಿಯಿಂದ ದೂರವೇನಿಲ್ಲದ ಆ ಊರಿನ ದೇವಸ್ಥಾನಗಳು ಮರಳಿನಡಿ ಹೂತದ್ದು ಅಲಮೇಲಮ್ಮನ ಶಾಪದಿಂದ ಎಂದು ನಾವೆಲ್ಲ ಕೇಳುತ್ತಾ ಬೆಳೆದಿದ್ದೇವೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದ ಸಂದರ್ಭಕ್ಕೆ ಆ ಕಥೆ ಅಂಟಿಕೊಂಡಿದೆ.

ಕೃಷಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ಶಾಪದ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿದರು. ವಿಜಯನಗರದ ಕಾಲದಲ್ಲಿ, 14ನೆಯ ಶತಮಾನದಲ್ಲಿ ಮಾಧವಮಂತ್ರಿ ಕಟ್ಟಿಸಿದನೆನ್ನುವ ಅಣೆಕಟ್ಟಿನಿಂದ ನದಿಯ ಹರಿವು ತಗ್ಗಿ, ಪಾತ್ರದ ಮರಳು ಬಯಲಾಗಿ, ಗಾಳಿಗೆ ಊರಿನ ಮೇಲೆ ಹರಡಿತು ಎಂಬುದು ಅವರ ವಾದ. ಅಂದರೆ ಮರಳಿನ ಕಾಟ ಶಾಪಕ್ಕಿಂತ ಹಳೆಯದು; ನಡೆದುಹೋದ ಪರಿಸರದ ಅನಾಹುತಕ್ಕೆ ಜನ ಆಮೇಲೆ ಕಥೆಯೊಂದನ್ನು ಹೊಂದಿಸಿಕೊಂಡರು.

ಗಣೇಶಯ್ಯನವರು ವೃತ್ತಿಯಿಂದ ಇತಿಹಾಸಕಾರರಲ್ಲ. ಇತಿಹಾಸಕ್ಕೆ ಅವರು ಹವ್ಯಾಸಿಯೇ. ಆದರೂ ಈ ಬರಹದಲ್ಲಿ ಒಳ್ಳೆಯ ಪತ್ತೇದಾರಿ ಕಥೆಗೆ ಬೇಕಾದ ಗುಣವಿದೆ. ನದಿ, ಮರಳು, ಗಾಳಿ, ಕಾಲ ಎಂಬ ಸುಳಿವುಗಳೆಲ್ಲ ಓದುಗನ ಮುಂದೆಯೇ ಇವೆ. ಒಪ್ಪದವನು ಅದೇ ಸುಳಿವುಗಳಿಂದ ಬೇರೆ ತೀರ್ಮಾನಕ್ಕೆ ಬರಬಹುದು. ಉತ್ತರ ಸಿಕ್ಕ ಮೇಲೂ ತಲಕಾಡು ಖಾಲಿಯಾಗುವುದಿಲ್ಲ. ಒಂದು ಹೆಣ್ಣಿನ ಸಂಕಟದ ಕಥೆಯನ್ನೇ ಜನ ಏಕೆ ಆರಿಸಿಕೊಂಡರು ಎಂಬ ಇನ್ನೊಂದು ಪ್ರಶ್ನೆ ಏಳುತ್ತದೆ. ಹಿನಮಿಜಾವ ಕೊಡಲಾಗದ ನ್ಯಾಯವನ್ನು ತಲಕಾಡಿನ ಈ ತನಿಖೆ ಕೊಡುತ್ತದೆ.

ಹಾಗೆ ನೋಡಿದರೆ ನಮ್ಮ ಜಿಲ್ಲೆಯಲ್ಲೇ ಬಗೆಹರಿಯದ ಪ್ರಶ್ನೆಗಳು ಬೇಕಾದಷ್ಟಿವೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ನಮಗೆ ಅನ್ನ ಕೊಟ್ಟಿತು. ವಿಶ್ವೇಶ್ವರಯ್ಯನವರ ಚಿತ್ರ ಇಲ್ಲಿನ ಮನೆಗಳಲ್ಲಿ ದೇವರ ಪಟಗಳ ಜೊತೆ ಇರುತ್ತದೆ. ನೀರಿನಲ್ಲಿ ಮುಳುಗಿದ ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲು ಬಿಚ್ಚಿ ಹೊಸ ಜಾಗದಲ್ಲಿ ಮತ್ತೆ ಕಟ್ಟಿದ್ದನ್ನು ನೋಡಲು ಜನ ಹೋಗುತ್ತಾರೆ. ಆ ದೇವಸ್ಥಾನದ ಸುತ್ತ ಇದ್ದ ಮನೆಗಳವರು ಎಲ್ಲಿಗೆ ಹೋದರು ಎಂದು ಕೇಳುವವರು ಕಡಿಮೆ. ಇದು ಕೊಲೆಯ ಕಥೆಯಲ್ಲ. ಆದರೂ ತನಿಖೆಗೆ ಅರ್ಹ.

ಉಳಿಸಿಕೊಳ್ಳಬೇಕಾದದ್ದು

ಇಂದು ಇಂಥ ಆಟ ಕಟ್ಟಲು ಕಂಪನಿ ಬೇಕಿಲ್ಲ. 2004ರಲ್ಲಿ ಬಂದ ರೆನ್‌ಪೈ ಎಂಬ ತಂತ್ರಾಂಶ ಉಚಿತ. ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಕನ್ನಡದ ಒತ್ತಕ್ಷರಗಳನ್ನು ಪರದೆಯ ಮೇಲೆ ಸರಿಯಾಗಿ ಮೂಡಿಸುವ ತೊಡಕೂ ಈಗ ಬಹುಮಟ್ಟಿಗೆ ನೀಗಿದೆ. ಫೋಟೊ ತೆಗೆಯಲು ಕೈಯಲ್ಲಿ ಫೋನಿದೆ, ದನಿಗೆ ಊರ ನಾಟಕದ ಕಲಾವಿದರಿದ್ದಾರೆ. ಕಷ್ಟವಿರುವುದು ಕಥೆಯಲ್ಲಿ. ನರಸಿಂಹಯ್ಯನವರಿಂದ ಓದುಗನನ್ನು ಗೌರವಿಸುವ ಸರಳ ಕನ್ನಡ, ತೇಜಸ್ವಿಯವರಿಂದ ಊರನ್ನೇ ಪ್ರಶ್ನಿಸುವ ಧೈರ್ಯ, ಹಿನಮಿಜಾವದಿಂದ ಯೋಚಿಸಲು ಕೊಡುವ ಬಿಡುವು ಇವನ್ನು ಪಡೆಯಬಹುದು. ಮೂವರಲ್ಲಿ ಯಾರೂ ಪೂರ್ತಿ ಕೊಡದ ಇನ್ನೊಂದನ್ನು, ಸುಳಿವನ್ನೆಲ್ಲ ಮುಂದಿಟ್ಟು ಆಡುವ ಪ್ರಾಮಾಣಿಕತೆಯನ್ನು, ನಾವೇ ಸಾಧಿಸಬೇಕು. ಅದಕ್ಕೆ ಬೇಕಾದದ್ದು ಹಣವಲ್ಲ, ಬಿಡುಗಡೆಗೆ ಮುಂಚೆ ಮುಲಾಜಿಲ್ಲದೆ ‘ಇದು ಮೋಸ’ ಎನ್ನುವ ಒಬ್ಬ ಗೆಳೆಯ.

ಸಂಶೋಧನಾ ವಿದ್ಯಾರ್ಥಿಯಾಗಿ ನನಗೆ ಇನ್ನೊಂದು ಆತಂಕವಿದೆ. ಬಾಡಿಗೆ ಅಂಗಡಿಗಳಲ್ಲಿ ನೂರು ಕೈ ದಾಟಿದ ಪತ್ತೇದಾರಿ ಪುಸ್ತಕಗಳು ಹರಿದು ರದ್ದಿಗೆ ಹೋದವು. ಹೆಚ್ಚು ಓದಿಸಿಕೊಂಡದ್ದೇ ಅವು ಉಳಿಯದಿರಲು ಕಾರಣವಾಯಿತು. ಸಿ.ಡಿ.ಯಲ್ಲಿ ಬಂದ ಹವ್ಯಾಸಿ ಆಟಗಳಿಗೂ, ನಾಳೆ ಫೋನಿನಲ್ಲಿ ಬರುವವಕ್ಕೂ ಇದೇ ಗತಿ ಕಾದಿದೆ. ಒಂದು ಭಾಷೆಯಲ್ಲಿ ಓದುಗರು ಹೇಗೆ ಹುಟ್ಟಿದರು ಎಂದು ತಿಳಿಯಲು ಶ್ರೇಷ್ಠ ಕೃತಿಗಳಷ್ಟೇ ಸಾಲವು. ರಾತ್ರಿ ದೀಪದಡಿ ಕದ್ದು ಓದಿದ ಪುಸ್ತಕಗಳೂ ಬೇಕು. ನಿಮ್ಮ ಮನೆಯ ಅಟ್ಟದಲ್ಲಿ ರಟ್ಟು ಕಿತ್ತ ಪುರುಷೋತ್ತಮನೋ ಅರಿಂಜಯನೋ ಸಿಕ್ಕರೆ ರದ್ದಿಯವನಿಗೆ ಹಾಕುವ ಮೊದಲು ಒಂದು ಸಲ ತೆರೆದು ನೋಡಿ. ಅಂಗಡಿಯ ಮುದ್ರೆ, ಬಾಡಿಗೆಯ ದರ, ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದ ‘ಕೊಲೆಗಾರ ಇವನೇ’ ಎಂಬ ಊಹೆ ಇದ್ದರೂ ಇರಬಹುದು. ಓದುಗ ಪತ್ತೇದಾರನಾಗಲು ಹೊರಟಿದ್ದಕ್ಕೆ ನಮ್ಮ ಬಳಿ ಉಳಿಯುವ ಸಾಕ್ಷಿ ಅಷ್ಟೇ.